ಕಾಶಿಯ ಹೈಡ್ರೋಜನ್ ದೋಣಿ ದುಬಾರೆಗೂ ಬರುತ್ತದಾ?

2025ರ ಡಿಸೆಂಬರ್‌ನಲ್ಲಿ ವಾರಾಣಸಿಯ ನಮೋ ಘಾಟ್‌ನಿಂದ ಒಂದು ಪ್ರಯಾಣಿಕರ ದೋಣಿ ಹೊರಟಿತು. 24 ಮೀಟರ್ ಉದ್ದ, ಎರಡು ಒಡಲಿನ ರಚನೆ, 50 ಜನರಿಗೆ ಜಾಗ. ಡೀಸೆಲ್ ಇಲ್ಲ, ಹೊಗೆ ಇಲ್ಲ, ಎಂಜಿನ್ನಿನ ಗದ್ದಲವೂ ಇಲ್ಲ. ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟಿದ ಈ ದೋಣಿ ಹೈಡ್ರೋಜನ್ ಫ್ಯೂಯೆಲ್ ಸೆಲ್‌ನಿಂದ ಓಡುತ್ತದೆ. ನಮ್ಮ ದೇಶದಲ್ಲಿ ಇಂಥದ್ದು ಇದೇ ಮೊದಲು.

ಇಂಥ ಸುದ್ದಿ ಬಂದಾಗ ಕೆಲವು ಪ್ರಶ್ನೆಗಳು ಒಟ್ಟಿಗೇ ಏಳುತ್ತವೆ. ದೋಣಿ ನೀರಿನಿಂದ ಓಡುತ್ತದಾ? ಹೈಡ್ರೋಜನ್ ಸ್ಫೋಟ ಆಗುವುದಿಲ್ಲವಾ? ಕೊಚ್ಚಿಯಲ್ಲಿ ಬ್ಯಾಟರಿ ದೋಣಿಗಳು ಚೆನ್ನಾಗಿಯೇ ಓಡುತ್ತಿರುವಾಗ ಇದು ಯಾಕೆ ಬೇಕು? ಕೊಡಗಿನವರಿಗೆ ಇನ್ನೂ ಒಂದು ಪ್ರಶ್ನೆ ಇದೆ. ಕಾವೇರಿ ಹುಟ್ಟುವ ಜಿಲ್ಲೆ ನಮ್ಮದು. ದುಬಾರೆಯಲ್ಲಿ ಆನೆ ಶಿಬಿರಕ್ಕೆ ಹೊಳೆ ದಾಟಿಸುವ ಮೋಟಾರ್ ಬೋಟಿನ ಜಾಗಕ್ಕೆ, ಮುಂದೆ ಹಾರಂಗಿ ಹಿನ್ನೀರಿಗೆ, ಇಂಥ ದೋಣಿ ಬಂದರೆ ಹೊಳೆಗೆ ಒಳ್ಳೆಯದಲ್ವಾ?

ಉತ್ತರ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ. ಯಾಕೆಂದರೆ ಈ ದೋಣಿ ಎಷ್ಟು ಶುದ್ಧ ಎನ್ನುವುದು ದೋಣಿಯನ್ನು ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೆ ತುಂಬುವ ಅನಿಲ ಎಲ್ಲಿಂದ, ಹೇಗೆ ಬಂತು ಎಂದು ಹಿಂದಕ್ಕೆ ಹೋಗಿ ನೋಡಬೇಕು.

ಬೆಂಕಿ ಇಲ್ಲದ ಜನರೇಟರ್

ಮೊದಲು ನೀರಿನ ವಿಷಯ. ದೋಣಿಗೆ ನೀರು ಇಂಧನ ಅಲ್ಲ. ಇಂಧನ ಬಳಸಿದ ಮೇಲೆ ಹೊರಗೆ ಬರುವುದು ನೀರು. ಟ್ಯಾಂಕಿಗೆ ತುಂಬುವುದು ಹೈಡ್ರೋಜನ್ ಅನಿಲ.

ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಕೊಡಗಿನಲ್ಲಿ ಜನರೇಟರ್ ಪರಿಚಯ ಎಲ್ಲರಿಗೂ ಇದೆ. ಅದರೊಳಗೆ ಡೀಸೆಲ್ ಉರಿಯುತ್ತದೆ, ಆ ಬಿಸಿ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ತಿರುಗಿಸಿದ್ದರಿಂದ ಕರೆಂಟ್ ಹುಟ್ಟುತ್ತದೆ. ಹೊಗೆ, ಸದ್ದು ಎರಡೂ ಆ ಉರಿಯಿಂದ ಬರುವಂಥವು. ಫ್ಯೂಯೆಲ್ ಸೆಲ್ ಕೂಡ ಒಂದು ಬಗೆಯ ಜನರೇಟರೇ. ಆದರೆ ಒಳಗೆ ಬೆಂಕಿ ಇಲ್ಲ, ತಿರುಗುವ ಚಕ್ರವೂ ಇಲ್ಲ.

ಅದರ ನಡುವೆ ಒಂದು ತೆಳುವಾದ ಪೊರೆ ಇರುತ್ತದೆ. ಒಂದು ಕಡೆಯಿಂದ ಹೈಡ್ರೋಜನ್, ಇನ್ನೊಂದು ಕಡೆಯಿಂದ ಗಾಳಿ ಬರುತ್ತದೆ. ಪೊರೆಗೆ ಲೇಪಿಸಿದ ಪ್ಲಾಟಿನಂ ಹೈಡ್ರೋಜನ್ನನ್ನು ಪ್ರೋಟಾನ್ ಮತ್ತು ಎಲೆಕ್ಟ್ರಾನ್ ಆಗಿ ಒಡೆಯುತ್ತದೆ. ಪೊರೆ ಪ್ರೋಟಾನನ್ನು ಮಾತ್ರ ಒಳಗೆ ಬಿಡುತ್ತದೆ. ಎಲೆಕ್ಟ್ರಾನಿಗೆ ಆ ದಾರಿ ಬಂದ್. ಅದು ತಂತಿಯ ಮೂಲಕ ಸುತ್ತು ಹಾಕಿಕೊಂಡೇ ಆಚೆ ಬದಿಗೆ ಹೋಗಬೇಕು. ಆ ಸುತ್ತುದಾರಿಯಲ್ಲೇ ಮೋಟಾರ್ ಇಟ್ಟಿರುತ್ತಾರೆ. ಆಚೆ ಬದಿಯಲ್ಲಿ ಎಲ್ಲವೂ ಗಾಳಿಯ ಆಕ್ಸಿಜನ್ ಜೊತೆ ಸೇರಿ ನೀರಾಗುತ್ತದೆ. ಒಂದು ಸೆಲ್‌ನಿಂದ ಸಿಗುವುದು ಒಂದು ವೋಲ್ಟಿಗಿಂತ ಕಡಿಮೆ. ಹಾಗಾಗಿ ನೂರಾರು ಸೆಲ್‌ಗಳನ್ನು ಸಾಲಾಗಿ ಜೋಡಿಸುತ್ತಾರೆ.

ಇದು ಹೊಸ ಕಂಡುಹಿಡಿತ ಅಲ್ಲ. ವಿಲಿಯಂ ಗ್ರೋವ್ ಎಂಬ ವಿಜ್ಞಾನಿ 1839ರ ಸುಮಾರಿಗೇ ಇದರ ಮೊದಲ ರೂಪವನ್ನು ಮಾಡಿ ತೋರಿಸಿದ್ದರು. ಚಂದ್ರನಲ್ಲಿಗೆ ಹೋದ ಅಪೊಲೊ ನೌಕೆಗಳಿಗೆ ಕರೆಂಟ್ ಕೊಟ್ಟದ್ದೂ ಫ್ಯೂಯೆಲ್ ಸೆಲ್‌ಗಳೇ.

ಮನೆಯ ಯುಪಿಎಸ್ ಬ್ಯಾಟರಿಗೂ ಇದಕ್ಕೂ ಇರುವ ವ್ಯತ್ಯಾಸ ಸರಳ. ಬ್ಯಾಟರಿ ತನ್ನೊಳಗೆ ತುಂಬಿಟ್ಟದ್ದನ್ನು ಕೊಡುತ್ತದೆ, ಮುಗಿದರೆ ಮತ್ತೆ ಚಾರ್ಜ್ ಆಗಬೇಕು. ಸೆಲ್ ಏನನ್ನೂ ತುಂಬಿಟ್ಟುಕೊಳ್ಳುವುದಿಲ್ಲ. ಅನಿಲ ಬರುವಷ್ಟು ಹೊತ್ತು ಕರೆಂಟ್ ಮಾಡುತ್ತದೆ. ಆದರೂ ಕಾಶಿಯ ದೋಣಿಯಲ್ಲಿ ಸೆಲ್ ಜೊತೆ ಬ್ಯಾಟರಿಯೂ ಸೋಲಾರ್ ಫಲಕವೂ ಇವೆ. ದೋಣಿ ಘಾಟಿಗೆ ಹತ್ತಿರ ಬಂದು ತಿರುಗಿ ನಿಲ್ಲುವಾಗ ಮೋಟಾರಿಗೆ ಒಮ್ಮೆಲೇ ಜಾಸ್ತಿ ಬಲ ಬೇಕಾಗುತ್ತದೆ. ಹೀಗೆ ಒಮ್ಮೆಲೇ ಏರಿ ಇಳಿಯುವ ಭಾರ ಸೆಲ್‌ಗೆ ಒಗ್ಗುವುದಿಲ್ಲ, ಅದರ ಆಯಸ್ಸು ಕಡಿಮೆ ಆಗುತ್ತದೆ. ಆ ಏರಿಳಿತವನ್ನು ಬ್ಯಾಟರಿ ತಡೆದುಕೊಳ್ಳುತ್ತದೆ. ಸೆಲ್ ಒಂದೇ ಹದದಲ್ಲಿ ಓಡುತ್ತದೆ.

ಹಗುರವಾದ ಇಂಧನ, ದೊಡ್ಡ ಟ್ಯಾಂಕ್

ಒಂದು ಕಿಲೋ ಹೈಡ್ರೋಜನ್‌ನಲ್ಲಿ ಸುಮಾರು 33 ಯುನಿಟ್ ಶಕ್ತಿ ಇದೆ. ಒಂದು ಕಿಲೋ ಡೀಸೆಲ್‌ನಲ್ಲಿ ಸುಮಾರು 12 ಯುನಿಟ್. ತೂಕದ ಲೆಕ್ಕದಲ್ಲಿ ಹೈಡ್ರೋಜನ್ ಮುಂದೆ.

ಜಾಗದ ಲೆಕ್ಕ ಬೇರೆಯೇ ಇದೆ. ಜಗತ್ತಿನಲ್ಲೇ ಅತಿ ಹಗುರವಾದ ಅನಿಲ ಇದು. ಒತ್ತಡ ಹಾಕದೆ 40 ಕಿಲೋ ಹೈಡ್ರೋಜನ್ ಇಡಬೇಕಾದರೆ ಸುಮಾರು 480 ಘನ ಮೀಟರ್ ಜಾಗ ಬೇಕು. ಅಂದರೆ 10,000 ಲೀಟರಿನ 48 ನೀರಿನ ಟ್ಯಾಂಕರ್‌ಗಳು. ಹಾಗಾಗಿ ಅದನ್ನು ಒತ್ತಿ ತುಂಬಲೇಬೇಕು. ದೋಣಿ, ಬಸ್ಸುಗಳಲ್ಲಿ ಸಾಮಾನ್ಯವಾಗಿ 350 ಬಾರ್ ಒತ್ತಡ ಬಳಸುತ್ತಾರೆ. ಇದು ಅಡುಗೆ ಗ್ಯಾಸ್ ಸಿಲಿಂಡರಿನ ಒಳಗಿನ ಒತ್ತಡಕ್ಕಿಂತ ಹೆಚ್ಚುಕಡಿಮೆ ಐವತ್ತು ಪಟ್ಟು. ಅಷ್ಟು ಒತ್ತಿದರೂ 40 ಕಿಲೋಗೆ 1,600 ಲೀಟರಿಗಿಂತ ಜಾಸ್ತಿ ಜಾಗ ಹೋಗುತ್ತದೆ. ಆ ಒತ್ತಡ ತಡೆಯುವ ಟ್ಯಾಂಕೂ ಭಾರ. 5 ಕಿಲೋ ಅನಿಲ ಹಿಡಿಸುವ ಟ್ಯಾಂಕ್ ಸುಮಾರು 90 ಕಿಲೋ ತೂಗುತ್ತದೆ.

ಇನ್ನೊಂದು ದಾರಿ ದ್ರವ ಮಾಡುವುದು. ಅದಕ್ಕೆ ಸೊನ್ನೆಗಿಂತ 253 ಡಿಗ್ರಿ ಕೆಳಗೆ ತಣಿಸಬೇಕು. ನಾರ್ವೆಯ ಹೈಡ್ರಾ ಎಂಬ ಹಡಗು ಹೀಗೆ ಓಡುತ್ತದೆ. 300 ಜನ, 80 ಕಾರು ಹೊರುವ ಆ ಹಡಗಿನ ನೆತ್ತಿಯ ಮೇಲೆ 80 ಘನ ಮೀಟರಿನ ಟ್ಯಾಂಕ್ ಕೂರಿಸಿದ್ದಾರೆ.

40 ಕಿಲೋದ ಲೆಕ್ಕ

ಒಂದು ದೋಣಿಗೆ ದಿನಕ್ಕೆ 40 ಕಿಲೋ ಹೈಡ್ರೋಜನ್ ಬೇಕು ಎಂದು ಇಟ್ಟುಕೊಳ್ಳೋಣ. ಸೆಲ್ ಅದರಲ್ಲಿ ಅರ್ಧದಷ್ಟನ್ನು ಕರೆಂಟ್ ಮಾಡುತ್ತದೆ, ಉಳಿದರ್ಧ ಬಿಸಿಯಾಗಿ ಹೋಗುತ್ತದೆ. ಮೋಟಾರಿಗೆ ಸಿಗುವುದು ಸುಮಾರು 650 ಯುನಿಟ್.

ಈಗ ಹಿಂದಕ್ಕೆ ಹೋಗೋಣ. ಆ ಹೈಡ್ರೋಜನ್ ನೀರನ್ನು ಕರೆಂಟಿನಿಂದ ಒಡೆದು ಬಂದದ್ದು ಎಂದುಕೊಳ್ಳೋಣ. ಒಂದು ಕಿಲೋಗೆ 50ರಿಂದ 55 ಯುನಿಟ್ ಬೇಕು. 40 ಕಿಲೋಗೆ ಸುಮಾರು 2,200 ಯುನಿಟ್. ಗೃಹಜ್ಯೋತಿಯಲ್ಲಿ ಒಂದು ಮನೆಗೆ ತಿಂಗಳಿಗೆ 200 ಯುನಿಟ್‌ವರೆಗೆ ಉಚಿತ, ಅಲ್ವಾ? ಹನ್ನೊಂದು ಮನೆಗಳ ಇಡೀ ತಿಂಗಳ ಮಿತಿಯನ್ನು ಒಂದು ದೋಣಿ ಒಂದೇ ದಿನದಲ್ಲಿ ಮುಗಿಸುತ್ತದೆ. ಅನಿಲವನ್ನು ಒತ್ತಿ ತುಂಬುವ ಖರ್ಚು ಇದರ ಮೇಲೆ. ಅದೇ 650 ಯುನಿಟ್‌ಗಳನ್ನು ಬ್ಯಾಟರಿ ಮೂಲಕ ಕೊಟ್ಟರೆ ಗೋಡೆಯ ಪ್ಲಗ್ಗಿನಿಂದ 800 ಯುನಿಟ್ ಎಳೆದರೆ ಸಾಕು.

ಹೊಗೆಯ ಲೆಕ್ಕ ಇನ್ನೂ ಕಣ್ಣು ತೆರೆಸುತ್ತದೆ. ಅಷ್ಟೇ ಕೆಲಸಕ್ಕೆ ಡೀಸೆಲ್ ಎಂಜಿನ್ ಸುಮಾರು 180 ಲೀಟರ್ ಕುಡಿಯುತ್ತದೆ. ಅದರಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ ಸುಮಾರು 480 ಕಿಲೋ.

ಹೈಡ್ರೋಜನ್ ಆದರೆ? ಇವತ್ತು ದೇಶದಲ್ಲಿ ತಯಾರಾಗುವ ಹೈಡ್ರೋಜನ್ ಹೆಚ್ಚಿನ ಪಾಲು ನೈಸರ್ಗಿಕ ಅನಿಲದಿಂದ ಬರುತ್ತದೆ. ಅದನ್ನು ಬೂದು ಹೈಡ್ರೋಜನ್ ಎನ್ನುತ್ತಾರೆ. ಒಂದು ಕಿಲೋ ತಯಾರಿಸುವಾಗ ಸುಮಾರು 10 ಕಿಲೋ ಇಂಗಾಲದ ಡೈಆಕ್ಸೈಡ್ ಕಾರ್ಖಾನೆಯಿಂದ ಹೊರಬರುತ್ತದೆ. 40 ಕಿಲೋಗೆ 400 ಕಿಲೋ. ಡೀಸೆಲ್ ದೋಣಿಗೂ ಇದಕ್ಕೂ ದೊಡ್ಡ ಅಂತರವೇ ಇಲ್ಲ. ಹೊಗೆ ಬರುವ ಜಾಗ ಬದಲಾಯಿತು, ಅಷ್ಟೇ.

ಸಾಮಾನ್ಯ ಗ್ರಿಡ್ ಕರೆಂಟಿನಿಂದ ನೀರು ಒಡೆದರೆ ಇನ್ನೂ ಕಷ್ಟ. ನಮ್ಮ ದೇಶದಲ್ಲಿ ಕಲ್ಲಿದ್ದಲಿನ ಪಾಲು ದೊಡ್ಡದು. ಒಂದು ಯುನಿಟ್‌ಗೆ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. 2,200 ಯುನಿಟ್‌ಗೆ 1,500 ಕಿಲೋ ದಾಟುತ್ತದೆ. ಡೀಸೆಲ್‌ನ ಮೂರು ಪಟ್ಟು! ನ್ಯಾಯವಾಗಿ ಹೇಳಬೇಕೆಂದರೆ, ಇದೇ ಗ್ರಿಡ್‌ನಿಂದ ಚಾರ್ಜ್ ಮಾಡಿದ ಬ್ಯಾಟರಿ ದೋಣಿಯೂ 560 ಕಿಲೋ ಹತ್ತಿರ ಬರುತ್ತದೆ, ಹೆಚ್ಚುಕಡಿಮೆ ಡೀಸೆಲ್‌ನಷ್ಟೇ. ಬಿಸಿಲು, ಗಾಳಿ, ನೀರಿನ ಕರೆಂಟ್ ಗ್ರಿಡ್‌ನಲ್ಲಿ ಹೆಚ್ಚಿದಂತೆ ಆ ಅಂಕಿ ತಾನಾಗಿಯೇ ಇಳಿಯುತ್ತದೆ. ಕರ್ನಾಟಕದಲ್ಲಿ ಇವುಗಳ ಪಾಲು ಈಗಲೇ ದೊಡ್ಡದು.

ಹೈಡ್ರೋಜನ್‌ಗೆ ಅರ್ಥ ಬರುವುದು ಹಸಿರು ಹೈಡ್ರೋಜನ್, ಅಂದರೆ ಬಿಸಿಲು, ಗಾಳಿಯಂಥ ಮೂಲದ ಕರೆಂಟಿನಿಂದ ನೀರು ಒಡೆದು ಮಾಡಿದ್ದು, ಸಿಕ್ಕಾಗ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಒಂದು ಗೆರೆ ಎಳೆಯಿತು. ಒಂದು ಕಿಲೋ ತಯಾರಿಸಲು 2 ಕಿಲೋಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಹೊರಬರಬಾರದು. ಆ ಮಿತಿಯೊಳಗಿನ ಅನಿಲ ತುಂಬಿದರೆ 40 ಕಿಲೋಗೆ 80 ಕಿಲೋ ಮಾತ್ರ. 480ರಿಂದ 80ಕ್ಕೆ ಇಳಿಯುವುದು ನಿಜವಾಗಿಯೂ ದೊಡ್ಡ ಲಾಭ. ಒಂದೇ ದೋಣಿ, ಒಂದೇ ಸೆಲ್, ಒಂದೇ ಹೊಳೆ. ತುಂಬಿದ ಅನಿಲ ಬದಲಾದರೆ 80, 400, 1,500 ಎಂದು ಮೂರು ಬೇರೆ ಬೇರೆ ಫಲ.

ಕಾವೇರಿ ಸೀಮೆಯವರು ನೀರಿನ ಲೆಕ್ಕವನ್ನೂ ಕೇಳುತ್ತಾರೆ. ಒಂದು ಕಿಲೋ ಹೈಡ್ರೋಜನ್‌ಗೆ ರಸಾಯನಶಾಸ್ತ್ರದ ಪ್ರಕಾರ 9 ಲೀಟರ್ ನೀರು ಬೇಕು, ಶುದ್ಧೀಕರಣದಲ್ಲಿ ಹೋಗುವುದು ಸೇರಿದರೆ ಅದರ ಎರಡು ಪಟ್ಟಿಗೂ ಜಾಸ್ತಿ ಆಗಬಹುದು. 40 ಕಿಲೋಗೆ ಕೆಲವು ನೂರು ಲೀಟರ್. ಕಾಫಿ ಹಣ್ಣು ಪಲ್ಪಿಂಗ್ ಮಾಡಲು ಹೋಗುವ ನೀರಿನ ಮುಂದೆ ಇದು ಚಿಕ್ಕದು.

ಸ್ಫೋಟದ ಭಯ

ಈ ಭಯವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಗಾಳಿಯಲ್ಲಿ ಶೇ. 4ರಿಂದ ಶೇ. 75ರವರೆಗೆ ಎಷ್ಟೇ ಬೆರೆತಿದ್ದರೂ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ. ಅಡುಗೆ ಗ್ಯಾಸ್ ಹೊತ್ತಿಕೊಳ್ಳುವ ಮಿತಿ ಸುಮಾರು ಶೇ. 2ರಿಂದ ಶೇ. 10. ಹೈಡ್ರೋಜನ್‌ಗೆ ತೀರ ಸಣ್ಣ ಕಿಡಿ ಸಾಕು. ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲ.

ಆದರೆ ಸೋರಿದಾಗ ಎರಡೂ ನಡೆದುಕೊಳ್ಳುವ ರೀತಿ ಬೇರೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಹೈಡ್ರೋಜನ್ ಗಾಳಿಗಿಂತ ಹದಿನಾಲ್ಕು ಪಟ್ಟು ಹಗುರ, ತೆರೆದ ಜಾಗದಲ್ಲಿ ಸರ್ರನೆ ಮೇಲಕ್ಕೆ ಹೋಗಿ ಚದುರುತ್ತದೆ. ಅಪಾಯ ಇರುವುದು ಮುಚ್ಚಿದ ಕೋಣೆಯ ಮಾಡಿನ ಕೆಳಗೆ ಅದು ತುಂಬಿಕೊಂಡಾಗ. ಅದಕ್ಕೇ ಟ್ಯಾಂಕ್‌ಗಳನ್ನು ಚಾವಣಿಯ ಮೇಲೆ ಬಯಲಿನಲ್ಲಿ ಇಡುವುದು, ಸೆಲ್ ಇರುವ ಕೋಣೆಯಲ್ಲಿ ಗಾಳಿ ಸದಾ ಹೊರಹೋಗುವಂತೆ ಮಾಡುವುದು, ಸೋರಿಕೆ ಕಂಡ ಕೂಡಲೇ ವಾಲ್ವ್ ಮುಚ್ಚುವ ಸೆನ್ಸರ್ ಹಾಕುವುದು.

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2008ರಿಂದ ಆಲ್ಸ್ಟರ್‌ವಾಸರ್ ಎಂಬ 100 ಜನರ ಹೈಡ್ರೋಜನ್ ದೋಣಿ ಓಡುತ್ತಿತ್ತು. 2010ರಲ್ಲಿ ಅದರಲ್ಲಿ ಬೆಂಕಿ ಕಾಣಿಸಿಕೊಂಡಿತು. ಬೆಂಕಿ ಹುಟ್ಟಿದ್ದು ಬ್ಯಾಟರಿಯಲ್ಲಿ, ಹೈಡ್ರೋಜನ್ ವ್ಯವಸ್ಥೆಗೆ ಏನೂ ಆಗಲಿಲ್ಲ. ಒಂದು ಘಟನೆಯಿಂದ ಎಲ್ಲವೂ ಸುರಕ್ಷಿತ ಎಂದು ತೀರ್ಮಾನಿಸಲು ಆಗುವುದಿಲ್ಲ. ಸರಿಯಾಗಿ ಕಟ್ಟಿದ ವ್ಯವಸ್ಥೆ ತಡೆದುಕೊಳ್ಳುತ್ತದೆ ಎನ್ನಲು ಆಗುತ್ತದೆ. ನಮ್ಮಲ್ಲಿ ಕಾಳಜಿ ಬೇಕಾದದ್ದು ದೋಣಿ ಹೊಸದಾಗಿರುವಾಗ ಅಲ್ಲ. ಐದು ವರ್ಷ ಕಳೆದ ಮೇಲೆ ಆ ಸೆನ್ಸರ್‌ಗಳನ್ನು ಯಾರು ಪರೀಕ್ಷೆ ಮಾಡುತ್ತಾರೆ ಎನ್ನುವುದು ಮುಖ್ಯ.

ಎರಡು ಪಕ್ಷ

ಬ್ಯಾಟರಿ ಪಕ್ಷದವರ ವಾದ ಮೇಲಿನ ಲೆಕ್ಕದಲ್ಲೇ ಇದೆ. ಒಂದೇ ಕರೆಂಟಿನಲ್ಲಿ ಬ್ಯಾಟರಿ ದೋಣಿ ಮೂರು ಪಟ್ಟು ಹತ್ತಿರ ಓಡುತ್ತದೆ. ಕೇರಳದ ವೈಕಂನಲ್ಲಿ ಆದಿತ್ಯ ಎಂಬ 75 ಜನರ ಸೋಲಾರ್ ದೋಣಿ 2017ರಿಂದ ಜನರನ್ನು ದಾಟಿಸುತ್ತಿದೆ. ಕೊಚ್ಚಿ ವಾಟರ್ ಮೆಟ್ರೊ 2023ರಲ್ಲಿ ಶುರುವಾಯಿತು. ಅಲ್ಲಿ ಬೋಟ್ ಜೆಟ್ಟಿಯಲ್ಲಿ ನಿಂತಿರುವ ಕೆಲವೇ ನಿಮಿಷಗಳಲ್ಲಿ ಚಾರ್ಜ್ ಆಗುತ್ತದೆ. ಇಡೀ ದಿನದ ಬ್ಯಾಟರಿಯನ್ನು ಹೊತ್ತು ತಿರುಗುವ ಅಗತ್ಯವೇ ಇಲ್ಲ.

ಅವರ ಇನ್ನೊಂದು ಮಾತು ಕಾಫಿ ಬೆಳೆಗಾರರಿಗೆ ಬೇಗ ಅರ್ಥವಾಗುತ್ತದೆ. ತೋಟಕ್ಕೆ ಹಾಕುವ ಯೂರಿಯಾ ತಯಾರಾಗುವುದು ಅಮೋನಿಯಾದಿಂದ, ಅಮೋನಿಯಾ ತಯಾರಾಗುವುದು ಹೈಡ್ರೋಜನ್‌ನಿಂದ. ರಸಗೊಬ್ಬರಕ್ಕೆ ಹೈಡ್ರೋಜನ್ ಬಿಟ್ಟು ಬೇರೆ ದಾರಿ ಇಲ್ಲ, ದೋಣಿಗೆ ಇದೆ. ಹಾಗಿದ್ದರೆ ದುಬಾರಿಯಾದ ಹಸಿರು ಹೈಡ್ರೋಜನ್ ಮೊದಲು ಎಲ್ಲಿಗೆ ಹೋಗಬೇಕು?

ಹೈಡ್ರೋಜನ್ ಪಕ್ಷದವರು ತೂಕ ಮತ್ತು ದೂರವನ್ನು ಮುಂದಿಡುತ್ತಾರೆ. 650 ಯುನಿಟ್ ಹಿಡಿಸುವ ಬ್ಯಾಟರಿ ಐದು ಟನ್ ದಾಟುತ್ತದೆ. 40 ಕಿಲೋ ಹೈಡ್ರೋಜನ್ ಟ್ಯಾಂಕ್ ಸಮೇತ ಒಂದು ಟನ್ ಒಳಗೆ ಮುಗಿಯುತ್ತದೆ. ಪಯಣ ಉದ್ದವಾದಷ್ಟೂ ಈ ಅಂತರ ಹಿಗ್ಗುತ್ತದೆ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗು 14ರಿಂದ 18 ಗಂಟೆ ಸಮುದ್ರದ ಮೇಲಿರುತ್ತದೆ. ನಡುವೆ ಎಲ್ಲಿ ಚಾರ್ಜ್ ಮಾಡುವುದು? ನಾರ್ವೆಯ ಬೋಡೊ ಮತ್ತು ಮಾಸ್ಕೆನೆಸ್ ನಡುವೆ ಸುಮಾರು 100 ಕಿಲೋಮೀಟರ್ ತೆರೆದ ಕಡಲಿದೆ. ಬ್ಯಾಟರಿ ದೋಣಿಗಳಲ್ಲಿ ಜಗತ್ತಿಗೇ ಮುಂದಿರುವ ಆ ದೇಶವೂ ಈ ದಾರಿಗೆ ಆರಿಸಿಕೊಂಡದ್ದು ಹೈಡ್ರೋಜನ್ ಹಡಗನ್ನೇ.

ನನಗೆ ಇವೆರಡೂ ಒಂದಕ್ಕೊಂದು ವಿರುದ್ಧವಾಗಿ ಕಾಣುವುದಿಲ್ಲ. ದಾರಿ ಎಷ್ಟು ಉದ್ದ, ನಡುವೆ ನಿಲ್ಲಲು ಆಗುತ್ತದಾ ಎಂದು ನೋಡಿದರೆ ಯಾವುದು ಎಲ್ಲಿಗೆ ಎನ್ನುವುದು ಬಹುಪಾಲು ತೀರ್ಮಾನವಾಗುತ್ತದೆ. ಕಾಶಿಯ ಘಾಟ್‌ಗಳ ನಡುವಿನ ದೂರಕ್ಕೆ ಬ್ಯಾಟರಿ ಸಾಕಾಗುತ್ತಿತ್ತು. ಅಲ್ಲಿನ ದೋಣಿಯನ್ನು ಒಂದು ಪ್ರಯೋಗ ಎಂದು ನೋಡಿದರೆ ಮಾತ್ರ ಅದಕ್ಕೆ ನ್ಯಾಯ ಸಿಗುತ್ತದೆ. ಕಟ್ಟಲು, ಓಡಿಸಲು, ಪರೀಕ್ಷಿಸಲು ನಮ್ಮವರು ಕಲಿಯುತ್ತಿದ್ದಾರೆ. ಆ ಕಲಿಕೆ ನಾಳೆ ಸಮುದ್ರದ ಹಡಗುಗಳಿಗೆ ಬೇಕು.

ದೋಣಿ ಮೊದಲು, ಬಂಕ್ ಆಮೇಲೆ

ಕಾಶಿಯ ದೋಣಿಗೆ ಪ್ರಧಾನಿ ಹಸಿರು ನಿಶಾನೆ ತೋರಿದ್ದು 2024ರ ಫೆಬ್ರುವರಿ 28ರಂದು. ಪ್ರಯಾಣಿಕರ ಸೇವೆ ಶುರುವಾದದ್ದು 2025ರ ಡಿಸೆಂಬರ್‌ನಲ್ಲಿ. ನಾರ್ವೆಯ ಹೈಡ್ರಾ 2021ರಲ್ಲೇ ತಯಾರಿತ್ತು. ಹೈಡ್ರೋಜನ್ ತುಂಬಿ ಓಡಿದ್ದು 2023ರಲ್ಲಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ 75 ಜನರ ಸೀ ಚೇಂಜ್ ದೋಣಿ 2021ರಲ್ಲಿ ನೀರಿಗಿಳಿಯಿತು, ಜನ ಹತ್ತಿದ್ದು 2024ರ ಜುಲೈನಲ್ಲಿ. ಮೂರು ದೇಶ, ಮೂರು ದೋಣಿ, ಮೂರೂ ಕಡೆ ವರ್ಷಗಟ್ಟಲೆ ಅಂತರ. ದೋಣಿ ಕಟ್ಟುವುದು ಈಗ ಗೊತ್ತಿರುವ ವಿದ್ಯೆ. ಅದರ ಸುತ್ತಲಿನ ಅನಿಲ, ಬಂಕ್, ನಿಯಮ, ಅನುಮತಿಗಳೇ ನಿಧಾನ. ಹೈಡ್ರಾಗೆ ದ್ರವ ಹೈಡ್ರೋಜನ್ ಬಂದದ್ದು ಜರ್ಮನಿಯಿಂದ, ಲಾರಿಯಲ್ಲಿ. ಹ್ಯಾಂಬರ್ಗ್‌ನ ಆಲ್ಸ್ಟರ್‌ವಾಸರ್ ಬೆಂಕಿಯಿಂದ ಪಾರಾಗಿ ಮತ್ತೆ ಓಡಿತು. ಕೆಲವು ವರ್ಷಗಳ ನಂತರ ಅದು ನಿಂತದ್ದು ಅನಿಲ ತುಂಬಿಸುವ ಬಂಕ್ ಮುಚ್ಚಿದ್ದರಿಂದ.

ಬೆಲೆಯೂ ಇದೇ ಕಥೆ ಹೇಳುತ್ತದೆ. ಈಚೆಗೆ ತೈಲ ಕಂಪನಿಗಳು ಕರೆದ ಟೆಂಡರ್‌ಗಳಲ್ಲಿ ಹಸಿರು ಹೈಡ್ರೋಜನ್ ಕಿಲೋಗೆ ಸುಮಾರು 300ರಿಂದ 400 ರೂಪಾಯಿಗೆ ಬಂದಿದೆ. 40 ಕಿಲೋಗೆ 12ರಿಂದ 16 ಸಾವಿರ. 180 ಲೀಟರ್ ಡೀಸೆಲ್‌ಗೂ 16 ಸಾವಿರದ ಆಸುಪಾಸೇ ಆಗುತ್ತದೆ. ಕಾರ್ಖಾನೆಯ ಬಾಗಿಲಲ್ಲಿ ಇಬ್ಬರೂ ಸಮ! ಆದರೆ ದೋಣಿ ಕಾರ್ಖಾನೆಯ ಬಾಗಿಲಲ್ಲಿ ಇರುವುದಿಲ್ಲ. ಒತ್ತಿ, ಸಾಗಿಸಿ, ಜೆಟ್ಟಿಯಲ್ಲಿ ತುಂಬುವಷ್ಟರಲ್ಲಿ ಬೆಲೆ ಏರಿರುತ್ತದೆ.

ದುಬಾರೆಗೆ ಯಾವುದು ಒಳ್ಳೆಯದು

ಉಕ್ಕಿನ ಸಿಲಿಂಡರ್‌ಗಳನ್ನು ಹೊತ್ತ ದೊಡ್ಡ ಟ್ರೈಲರ್ ಲಾರಿ ಒಟ್ಟು 40 ಟನ್ ಹತ್ತಿರ ತೂಗುತ್ತದೆ. ಅದರಲ್ಲಿ ಹೈಡ್ರೋಜನ್ ಇರುವುದು 300ರಿಂದ 400 ಕಿಲೋ. ದುಬಾರೆಗೆ ಅನಿಲ ತರಲು ಅಂಥ ಲಾರಿ, ಹೈಡ್ರೋಜನ್ ಬಳಸುವ ಕಾರ್ಖಾನೆಗಳಿರುವ ಮಂಗಳೂರಿನಿಂದ, ಸಂಪಾಜೆ ಘಾಟಿ ಹತ್ತಿ ಬರಬೇಕು. 2018ರ ಭೂಕುಸಿತದ ನಂತರ ಆ ರಸ್ತೆಯ ಸ್ಥಿತಿ ನಮಗೆ ಹೇಳಿಕೊಡಬೇಕಾಗಿಲ್ಲ. ಜೋರು ಮಳೆಯಲ್ಲಿ ಭಾರೀ ವಾಹನಗಳಿಗೆ ಅಲ್ಲಿ ತಡೆ ಬೀಳುತ್ತದೆ. ರೈಲು ಜಿಲ್ಲೆಯಲ್ಲಿ ಇಲ್ಲ. ಲಾರಿ ಕುಡಿಯುವ ಡೀಸೆಲ್ಲನ್ನೂ ಲೆಕ್ಕಕ್ಕೆ ಹಿಡಿದರೆ ಶುದ್ಧ ದೋಣಿಯ ಲಾಭದಲ್ಲಿ ಒಂದು ಪಾಲು ದಾರಿಯಲ್ಲೇ ಕರಗುತ್ತದೆ.

ದುಬಾರೆಯಲ್ಲಿ ದಾಟಬೇಕಾದದ್ದು ಒಂದು ಹೊಳೆಯ ಅಗಲ. ಬೇಸಿಗೆಯಲ್ಲಿ ಜನ ಬಂಡೆಗಳ ಮೇಲೆ ನಡೆದೇ ಆಚೆ ಹೋಗುತ್ತಾರೆ. ಅಲ್ಲಿಗೆ ಬೇಕಾದದ್ದು ಸಣ್ಣ ಬ್ಯಾಟರಿ ಬೋಟ್, ದಡದಲ್ಲಿ ಒಂದು ಚಾರ್ಜಿಂಗ್ ಶೆಡ್, ಅದರ ಮೇಲೆ ಸೋಲಾರ್. ಮಳೆಗಾಲದಲ್ಲಿ ಕರೆಂಟ್ ಹೋಗುತ್ತದಲ್ಲ ಎಂಬ ಆಕ್ಷೇಪ ಬರಬಹುದು. ಆದರೆ ಕರೆಂಟ್ ಕೈಕೊಡುವ ಆ ದಿನಗಳಲ್ಲೇ ಕಾವೇರಿಯೂ ಉಕ್ಕಿ ಹರಿಯುತ್ತಾಳೆ, ಬೋಟ್ ನಿಲ್ಲಿಸಿರುತ್ತಾರೆ. ಬೋಟ್ ಓಡುವ ತಿಂಗಳುಗಳಲ್ಲಿ ಬಿಸಿಲಿಗೆ ಕೊರತೆ ಇಲ್ಲ. ಹಾರಂಗಿ ಹಿನ್ನೀರಿಗೂ ಇದೇ ಮಾತು ಸಲ್ಲುತ್ತದೆ. ಹೊಳೆಗೆ ಎಣ್ಣೆ ಸೋರುವುದು ನಿಲ್ಲುತ್ತದೆ. ಆನೆಗಳಿರುವ ಜಾಗದಲ್ಲಿ ಎಂಜಿನ್ ಸದ್ದು ಅಡಗುತ್ತದೆ. ಇವೆರಡೂ ಹೈಡ್ರೋಜನ್ ಇಲ್ಲದೆಯೇ ಸಿಗುವ ಲಾಭ.

ಘಟ್ಟದ ಕೆಳಗಿನ ಕಥೆ

ಪುಷ್ಪಗಿರಿಯ ಕಡೆಯಿಂದ ಇಳಿಯುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿಗೆ ಹೋಗುತ್ತದೆ. ಅಲ್ಲಿ ನೇತ್ರಾವತಿ ಮತ್ತು ಫಲ್ಗುಣಿ ನದಿಗಳಲ್ಲಿ ವಾಟರ್ ಮೆಟ್ರೊ ತರುವ ಯೋಜನೆಯ ಮಾತು ನಡೆದಿದೆ. ಜೆಟ್ಟಿಗಳು ಹತ್ತಿರ ಹತ್ತಿರ ಇದ್ದರೆ ಅದಕ್ಕೂ ಕೊಚ್ಚಿಯಂತೆ ಬ್ಯಾಟರಿಯೇ ಸರಿ.

ಆದರೆ ಹೈಡ್ರೋಜನ್‌ಗೆ ಕರ್ನಾಟಕದಲ್ಲಿ ಒಂದು ಜಾಗ ಇದೆ ಎಂದಾದರೆ ಅದು ಮಂಗಳೂರು. ಬಂದರು ಅಲ್ಲಿದೆ. ಹೈಡ್ರೋಜನ್ ಬಳಸುವ ತೈಲ ಸಂಸ್ಕರಣಾಗಾರ ಮತ್ತು ಗೊಬ್ಬರ ಕಾರ್ಖಾನೆ ಎರಡೂ ಅಲ್ಲೇ ಇವೆ. 2023ರ ಜನವರಿಯಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ 19,744 ಕೋಟಿ ರೂಪಾಯಿ ಇಟ್ಟಿದ್ದಾರೆ. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಆ ಹಣದಿಂದ ಮೊದಲು ಈ ಕಾರ್ಖಾನೆಗಳ ಬೂದು ಹೈಡ್ರೋಜನ್ ಹಸಿರಾದರೆ ಲಾಭ ತೋಟದ ಯೂರಿಯಾದಿಂದಲೇ ಶುರುವಾಗುತ್ತದೆ. ಆಮೇಲೆ ಹಡಗುಗಳಿಗೆ ಬೇರೆ ಕಾರ್ಖಾನೆ ಕಟ್ಟಬೇಕಾಗಿಲ್ಲ, ಘಾಟಿ ಹತ್ತುವ ಲಾರಿಯೂ ಬೇಕಿಲ್ಲ. ಕಾರ್ಖಾನೆಯ ಪೈಪಿನಿಂದ ಬಂದರಿನ ಕಟ್ಟೆಗೆ ಒಂದು ಕವಲು ಎಳೆದರೆ ಆಯಿತು.